ವಿಮಾನ ಕಾಣೋ ಮುಂಚೆನೇ ತಪ್ಪಿಸ್ಕೊಳ್ಳೋದು: ಸೈಲೆಂಟ್ ಹಂಟರ್ 3ರಲ್ಲಿ ಬಿಸ್ಕೇ ಕೊಲ್ಲಿ ದಾಟೋ ಲೆಕ್ಕ

ಎಲ್ರಿಗೂ ನಮಸ್ಕಾರ. ಭಾನುವಾರದ ಮಾತಿಗೆ ಬರೋಕಾಗದೇ ಇದ್ದೋರು ಬರೆದು ಕೊಡಿ ಅಂತ ಕೇಳಿದ್ರು, ಅದಕ್ಕೆ ಮಾತಾಡಿದ್ದನ್ನ ಹೆಚ್ಚು ತಿದ್ದದೇ ಇಲ್ಲಿ ಇಳಿಸಿದೀನಿ, ಕೊನೇಲಿ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದೀನಿ.

ಇವತ್ತಿನ ವಿಷಯ ವಿಮಾನ, ಫ್ರಾನ್ಸಿನ ಪಶ್ಚಿಮ ತೀರದ ಬೇಸಿಂದ ಅಟ್ಲಾಂಟಿಕ್ಕಿಗೆ ಹೋಗೋಕೆ ದಾಟ್ಲೇಬೇಕಾದ ಬಿಸ್ಕೇ ಕೊಲ್ಲೀಲಿ ಅದರಿಂದ ತಪ್ಪಿಸ್ಕೊಳ್ಳೋದು ಹೆಂಗೆ ಅಂತ. ಸಬ್‌ಮರೀನ್ ಗೇಮ್ ಅಂದ ತಕ್ಷಣ ಎಲ್ರೂ ಕೇಳೋದು ಟಾರ್ಪೆಡೊ ಹೆಂಗೆ ಗುರಿ ಇಡೋದು, ಡಿಸ್ಟ್ರಾಯರ್ (ಸಬ್‌ಮರೀನ್ ಬೇಟೆಯಾಡೋ ಯುದ್ಧನೌಕೆ) ಬೆನ್ನು ಹತ್ತಿದ್ರೆ ಏನ್ ಮಾಡೋದು ಅಂತ. ಆದ್ರೆ ಸೈಲೆಂಟ್ ಹಂಟರ್ 3ರಲ್ಲಿ, ಅಂದ್ರೆ ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನಿಗೆ ನಾವೇ ಕ್ಯಾಪ್ಟನ್ ಆಗೋ ಕಂಪ್ಯೂಟರ್ ಗೇಮಲ್ಲಿ, ಕರಿಯರ್ ಶುರು ಮಾಡಿ 1942 ದಾಟಿದೋರನ್ನ ಕೇಳಿ, ದೋಣಿ ಹೋಗಿದ್ದು ಬಹಳಷ್ಟು ಸಲ ವಿಮಾನದಿಂದಾನೇ, ಅದೂ ಕಾನ್ವಾಯ್ (ಒಟ್ಟಾಗಿ ಸಾಗೋ ಶತ್ರು ಸರಕು ಹಡಗುಗಳ ಗುಂಪು) ಕಣ್ಣಿಗೆ ಬೀಳೋ ಮುಂಚೆ, ಹೋಗ್ತಾ ದಾರೀಲಿ ಇಲ್ಲಾ ವಾಪಸ್ ಬರ್ತಾ ದಾರೀಲಿ. ನಾನು ಹೇಳ್ಬೇಕು ಅಂತಿರೋದು ಇಷ್ಟೇ, ವಿಮಾನ ಕಾಣಿಸಿದ ಮೇಲೆ ಕ್ಯಾಪ್ಟನ್ ಕೈಲಿ ಉಳಿದಿರೋದು ಕೆಲವೇ ಸೆಕೆಂಡು, ಬದುಕೋದು ಸಾಯೋದು ಅದಕ್ಕಿಂತ ಎಷ್ಟೋ ಗಂಟೆ ಮುಂಚೆನೇ ತೀರ್ಮಾನ ಆಗಿರುತ್ತೆ, ಯಾವ ಹೊತ್ತಲ್ಲಿ ಮೇಲೆ ಇದ್ವಿ, ಬ್ಯಾಟರಿ ಎಷ್ಟು ಉಳ್ಸಿದ್ವಿ, ಬ್ರಿಡ್ಜ್ (ದೋಣಿ ಮೇಲಿನ ಕಾವಲು ಕಟ್ಟೆ) ಮೇಲೆ ಯಾರನ್ನ ನಿಲ್ಸಿದ್ವಿ ಅನ್ನೋದ್ರಲ್ಲಿ.

ಮೊದಲು ನಮ್ಮ ದೋಣಿ ಎಂಥದ್ದು ಅಂತ ಸರಿಯಾಗಿ ತಿಳ್ಕೋಬೇಕು. ಟೈಪ್ 7ಸಿ ಯು-ಬೋಟ್ (ಜರ್ಮನ್ ಸಬ್‌ಮರೀನ್), ಗೇಮಲ್ಲಿ ಬಹುತೇಕ ಎಲ್ರೂ ಓಡ್ಸೋದು ಇದನ್ನೇ. ನೀರಿನ ಮೇಲೆ ಡೀಸೆಲ್ ಎಂಜಿನ್ನಲ್ಲಿ 17 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಮೇಲೇ ಹೋಗುತ್ತೆ, 10 ನಾಟಲ್ಲಿ ಹೋದ್ರೆ 8500 ನಾಟಿಕಲ್ ಮೈಲಿ ಓಡುತ್ತೆ. ನೀರೊಳಗೆ ಹೋದ್ರೆ ಕಥೆನೇ ಬೇರೆ, ಗರಿಷ್ಠ 7.6 ನಾಟ್, ಅದೂ ಒಂದು ಗಂಟೆ ಆಸುಪಾಸಲ್ಲಿ ಬ್ಯಾಟರಿ ಖಾಲಿ. 4 ನಾಟಲ್ಲಿ ಹೋದ್ರೆ 80 ಮೈಲಿ, 2 ನಾಟಲ್ಲಿ ತೆವಳಿದ್ರೆ 130 ಮೈಲಿ ಹತ್ರ. ಮನೇಲಿ ಕರೆಂಟ್ ಹೋದಾಗ ಯುಪಿಎಸ್ ಮೇಲೆ ಫ್ಯಾನು ಲೈಟು ಓಡ್ಸ್ತೀವಲ್ಲ ಹಾಗೆ, ಏನೇನ್ ಹಾಕಿದೀವಿ ಅನ್ನೋದ್ರ ಮೇಲೆ ಎಷ್ಟೊತ್ತು ಬರುತ್ತೆ ಅನ್ನೋದು ನಿಂತಿದೆ, ಆಮೇಲೆ ಮೇಲೆ ಬಂದು ಡೀಸೆಲ್ ಹಾಕಿ ಗಂಟೆಗಟ್ಲೆ ಚಾರ್ಜ್ ಮಾಡ್ಲೇಬೇಕು. ಹಾಗಾಗಿ ಆ ಕಾಲದ ಸಬ್‌ಮರೀನ್ ಅಂದ್ರೆ ಸದಾ ನೀರೊಳಗೆ ಇರೋ ಹಡಗಲ್ಲ, ಬೇಕಾದಾಗ ಸ್ವಲ್ಪ ಹೊತ್ತು ಮುಳುಗೋಕೆ ಬರೋ ಸಣ್ಣ ಹಡಗು. ವಿಮಾನ ಮಾಡಿದ್ದೇ ಇದನ್ನ, ಅದು ಮೇಲೆ ಇರೋಕೆ ಬಿಡ್ಲಿಲ್ಲ. ಮುಳುಗಿಸದೇ ಇದ್ರೂ ಪರವಾಗಿಲ್ಲ, ಬರೀ ತಲೆ ಮೇಲೆ ಹಾರಾಡ್ತಾ ಇದ್ರೇ ಸಾಕು, ದೋಣಿ 2 ನಾಟಲ್ಲಿ ತೆವಳುತ್ತೆ, ಕಾನ್ವಾಯ್ ದಾಟ್ಕೊಂಡು ಹೋಗಿರುತ್ತೆ.

ಈಗ ಸೆಕೆಂಡಿನ ಲೆಕ್ಕ. ಒಂದು ವೆಲ್ಲಿಂಗ್ಟನ್ (ಬ್ರಿಟಿಷ್ ಬಾಂಬರ್ ವಿಮಾನ) ಗಂಟೆಗೆ 280 ಕಿಲೋಮೀಟರ್ ವೇಗದಲ್ಲಿ ನಿಮ್ಮ ಕಡೆ ಬರ್ತಾ ಇದೆ ಅಂದ್ಕೊಳ್ಳಿ, ಅಂದ್ರೆ ಸೆಕೆಂಡಿಗೆ 77 ಮೀಟರ್ ಹತ್ರ. ಒಳ್ಳೆ ತರಬೇತಿ ಇರೋ ಸಿಬ್ಬಂದಿ ಟೈಪ್ 7ನ್ನ ಕ್ರ್ಯಾಶ್ ಡೈವ್ (ತುರ್ತಾಗಿ ಮುಳುಗೋದು) ಮಾಡ್ಸಿ ನೀರಿಂದ ಕಣ್ಮರೆ ಮಾಡೋಕೆ ಹತ್ರತ್ರ 30 ಸೆಕೆಂಡ್ ಬೇಕು. ಅಷ್ಟರಲ್ಲಿ ವಿಮಾನ 2.3 ಕಿಲೋಮೀಟರ್ ಬಂದಿರುತ್ತೆ. ಅಂದ್ರೆ ಎರಡೂವರೆ ಕಿಲೋಮೀಟರಲ್ಲಿ ಕಂಡ ವಿಮಾನ ನೀವು ಮುಳುಗೋ ಕ್ಷಣಕ್ಕೆ ತಲೆ ಮೇಲೆ. ಎಂಟು ಕಿಲೋಮೀಟರಲ್ಲಿ ಕಂಡ್ರೆ ನೂರು ಸೆಕೆಂಡ್ ಇದೆ, ಅದು ಆರಾಮ, ಮುಳುಗಿ ಆಳಕ್ಕೆ ಹೋಗಿ ಪಕ್ಕಕ್ಕೂ ತಿರುಗಿರ್ತೀರಿ. ಇದಕ್ಕೇ ಬ್ರಿಡ್ಜ್ ಮೇಲಿನ ವಾಚ್, ಅಂದ್ರೆ ಕಣ್ಗಾವಲು, ಅಷ್ಟು ಮುಖ್ಯ. ನಿಜವಾದ ದೋಣೀಲಿ ನಾಲ್ಕು ಜನ ನಿಲ್ತಾ ಇದ್ರು, ಒಬ್ಬೊಬ್ಬರಿಗೆ ದಿಗಂತದ ಕಾಲು ಭಾಗ, ಬೇರೆ ಕಡೆ ನೋಡೋ ಹಾಗಿಲ್ಲ, ಪಕ್ಕದವನು ಏನ್ ನೋಡ್ದ ಅಂತ ತಿರುಗೋ ಹಾಗೂ ಇಲ್ಲ. ಗೇಮಲ್ಲಿ ವಾಚ್ ಕ್ವಾಲಿಫಿಕೇಶನ್ ಇರೋರನ್ನ ಬ್ರಿಡ್ಜ್‌ಗೆ ಹಾಕಿ, ದಣಿದಿರೋರನ್ನ ಬದಲಾಯಿಸ್ತಾ ಇರಿ, ಮೊದಲ ಮೆಡಲ್ಲು ಪ್ರಮೋಷನ್ನು ಬಂದಾಗ ಗನ್ನರಿಗೆ ಕೊಡ್ಬೇಡಿ, ವಾಚ್‌ನೋರಿಗೆ ಕೊಡಿ. ತುಂಬ ಜನ ಟಾರ್ಪೆಡೊ ರೂಮಿನೋರನ್ನ ಮುದ್ದು ಮಾಡ್ತಾರೆ, ನನ್ನ ಪ್ರಕಾರ ದೋಣೀಲಿ ಅತಿ ಬೆಲೆಬಾಳೋದು ಆ ನಾಲ್ಕು ಜೊತೆ ಕಣ್ಣು.

ಈ 30 ಸೆಕೆಂಡಿನ ಹಿಂದೆ ಒಂದು ಅದ್ಭುತ ಕಥೆ ಇದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಬ್ರಿಟನ್ನಿನ ಕೋಸ್ಟಲ್ ಕಮಾಂಡ್ (ಸಮುದ್ರದ ಮೇಲೆ ಕಾವಲು ಹಾರೋ ವಾಯುಪಡೆ ವಿಭಾಗ) ಶುರುವಲ್ಲಿ ವಿಮಾನದಿಂದ ಹಾಕೋ ಡೆಪ್ತ್ ಚಾರ್ಜನ್ನ (ನೀರೊಳಗೆ ಸಿಡಿಯೋ ಬಾಂಬ್) 100 ಅಡಿ ಆಳದಲ್ಲಿ ಸಿಡಿಯೋ ಹಾಗೆ ಇಡ್ತಿದ್ರು, ಯಾಕಂದ್ರೆ ಸಬ್‌ಮರೀನ್ ವಿಮಾನ ನೋಡಿ ಮುಳುಗಿರುತ್ತೆ, ವಿಮಾನ ಮೇಲೆ ಬರೋ ಹೊತ್ತಿಗೆ ಅಷ್ಟು ಆಳ ಹೋಗಿರುತ್ತೆ ಅನ್ನೋ ಅಂದಾಜು. ಆಪರೇಶನಲ್ ರಿಸರ್ಚ್ ವಿಭಾಗದಲ್ಲಿದ್ದ ಭೌತವಿಜ್ಞಾನಿ ಇ. ಜೆ. ವಿಲಿಯಮ್ಸ್ ಇದನ್ನ ಕೂತು ಲೆಕ್ಕ ಹಾಕಿದ್ರು. ದೋಣಿ ಬೇಗ ನೋಡಿ ಮುಳುಗಿದ್ರೆ ಅದು ಆಳಕ್ಕೇನೋ ಹೋಗಿರುತ್ತೆ, ಆದ್ರೆ ಎಡಕ್ಕೋ ಬಲಕ್ಕೋ ಎಷ್ಟು ದೂರ ಹೋಗಿದೆ ಅಂತ ವಿಮಾನಕ್ಕೆ ಗೊತ್ತೇ ಆಗಲ್ಲ, ಅಲ್ಲಿ ಬಾಂಬ್ ಹಾಕಿ ಉಪಯೋಗ ಇಲ್ಲ. ಲಾಭ ಇರೋದು ತಡವಾಗಿ ನೋಡಿದ ದೋಣಿಗಳ ಮೇಲೆ, ಇನ್ನೂ ಮೇಲೇ ಇರೋದು ಅಥವಾ ಈಗ್ತಾನೆ ಮುಳುಗಿರೋದು, ಅಂಥವು ಇರೋದು 25 ಅಡಿ ಆಸುಪಾಸಲ್ಲಿ. ಹಾಗಿರುವಾಗ 100 ಅಡೀಲಿ ಸಿಡಿದ್ರೆ ದೋಣಿ ಕೆಳಗಡೆ ಎಲ್ಲೋ ವ್ಯರ್ಥವಾಗಿ ಸಿಡಿಯುತ್ತೆ. ಸೆಟಿಂಗ್ 25 ಅಡಿಗೆ ಇಳಿಸಿದ ಮೇಲೆ ದಾಳಿಗಳು ನಿಜಕ್ಕೂ ಕೊಲ್ಲೋಕೆ ಶುರುವಾದ್ವು. ಹೊಸ ಬಾಂಬಿಲ್ಲ, ಹೊಸ ವಿಮಾನ ಇಲ್ಲ, ಒಂದು ಅಂಕಿ ಬದಲಾಯಿಸಿದ್ದು ಅಷ್ಟೇ.

ಆಟಗಾರರಿಗೆ ಇದ್ರಿಂದ ಸಿಗೋದು ಏನು ಅಂದ್ರೆ, ಶತ್ರು ಯಾವ ದೋಣಿಗೋಸ್ಕರ ಕಾಯ್ತಿದಾನೆ ಅಂತ ಗೊತ್ತಾಗುತ್ತೆ. ಅರ್ಧ ಮುಳುಗಿದ ದೋಣಿಗೆ. ಆದ್ದರಿಂದ ವಿಮಾನ ದೂರದಲ್ಲಿ ಕಂಡ್ರೆ ಒಂದು ಕ್ಷಣನೂ ಯೋಚ್ನೆ ಮಾಡ್ದೆ ಕ್ರ್ಯಾಶ್ ಡೈವಿನ ಸಿ ಕೀ ಒತ್ತಿ, ಮುಳುಗ್ತಾನೇ ಚುಕ್ಕಾಣಿ ಒಂದು ಕಡೆಗೆ ಪೂರ್ತಿ ತಿರುಗ್ಸಿ, 80 ಮೀಟರ್ ದಾಟೋವರೆಗೆ ನಿಲ್ಬೇಡಿ. ನಿಮ್ಮ ಆಳಕ್ಕಿಂತ ಜಾಸ್ತಿ ಕಾಪಾಡೋದು ನೀವು ಎಲ್ಲಿದೀರಿ ಅಂತ ಅವನಿಗೆ ಗೊತ್ತಿಲ್ಲದೇ ಇರೋದು. ಆದ್ರೆ ತೀರಾ ಹತ್ರ ಕಂಡ್ರೆ, ಒಂದೂವರೆ ಎರಡು ಕಿಲೋಮೀಟರಲ್ಲಿ, ಆಗ ದಯವಿಟ್ಟು ಮುಳುಗ್ಬೇಡಿ. ಇದು ಹೊಸಬರಿಗೆ ಒಪ್ಪೋದು ಕಷ್ಟ, ಕೈ ತಾನಾಗೇ ಸಿ ಕಡೆ ಹೋಗುತ್ತೆ. ಅರ್ಧ ಮುಳುಗಿದ ದೋಣಿ ತಿರುಗಲ್ಲ, ಗುಂಡು ಹಾರಿಸೋಕೆ ಆಗಲ್ಲ, ಬಾಂಬ್ ಸರಿಯಾಗಿ ಅದೇ ಆಳಕ್ಕೆ ಬರ್ತಿದೆ. ಬದಲಿಗೆ ಫುಲ್ ಸ್ಪೀಡ್, ಫ್ಲಾಕ್ ಗನ್ನಿಗೆ (ವಿಮಾನಕ್ಕೆ ಹೊಡೆಯೋ ಗನ್) ಜನ, ವಿಮಾನ ಬರೋ ದಾರಿಗೆ ಅಡ್ಡ ತಿರುಗ್ತಾ ಇರಿ, ಉದ್ದಕ್ಕೆ ಸಿಕ್ಕಿದ್ರೆ ಸಾಲಾಗಿ ಬೀಳೋ ಬಾಂಬಿಗೆ ಇಡೀ ದೋಣಿ ಗುರಿ ಆಗುತ್ತೆ, ಅಡ್ಡಕ್ಕೆ ಇದ್ರೆ ಬರೀ ಅಗಲ. ಅದು ಬಾಂಬ್ ಹಾಕಿ ತಲೆ ಮೇಲೆ ದಾಟಿದ ಕ್ಷಣ, ಆಗ ಡೈವ್. ದೊಡ್ಡ ವಿಮಾನ ತಿರುಗಿ ಮತ್ತೆ ಸಾಲಿಗೆ ಬರೋಕೆ ಹೊತ್ತು ಬೇಕು, ಆ ಹೊತ್ತೇ ನಿಮ್ಮ 30 ಸೆಕೆಂಡ್.

ರಾತ್ರಿ ವಿಷಯಕ್ಕೆ ಬರ್ತೀನಿ. 1941ರವರೆಗೆ ರಾತ್ರಿ ಅಂದ್ರೆ ಸುರಕ್ಷಿತ, ಮೇಲೆ ಬಂದು ಆರಾಮಾಗಿ ಚಾರ್ಜ್ ಮಾಡ್ತಿದ್ರು. ಬ್ರಿಟಿಷ್ ವಿಮಾನದಲ್ಲಿ ಎಎಸ್‌ವಿ ಮಾರ್ಕ್ 2 ಅನ್ನೋ ಒಂದೂವರೆ ಮೀಟರ್ ತರಂಗದ ರೇಡಾರ್ ಇತ್ತು, ಆದ್ರೆ ಕೊನೆ ಒಂದು ಮೈಲಿ ಹತ್ರ ಬಂದಾಗ ಸಮುದ್ರದ ಪ್ರತಿಫಲನದಲ್ಲಿ ಗುರಿ ಕಳೆದುಹೋಗ್ತಿತ್ತು, ಕತ್ತಲಲ್ಲಿ ಕಣ್ಣಿಗೂ ಕಾಣಲ್ಲ. ಆ ಕೊನೆ ಮೈಲಿಗೋಸ್ಕರ ಹಂಫ್ರಿ ಡಿ ವರ್ಡ್ ಲೀ ಅನ್ನೋ ವಾಯುಪಡೆ ಅಧಿಕಾರಿ ವಿಮಾನಕ್ಕೆ ದೊಡ್ಡ ಸರ್ಚ್‌ಲೈಟ್ ಕಟ್ಟಿಸಿದ್ರು, ಲೀ ಲೈಟ್ ಅಂತಾನೇ ಹೆಸರು. 1942ರ ಜೂನ್ 4ರ ರಾತ್ರಿ ಬಿಸ್ಕೇ ಕೊಲ್ಲಿಯಲ್ಲಿ 172ನೇ ಸ್ಕ್ವಾಡ್ರನ್ನಿನ ವೆಲ್ಲಿಂಗ್ಟನ್ ಇಟಲಿಯ ಲುಯಿಜಿ ಟೊರೆಲ್ಲಿ ಸಬ್‌ಮರೀನ್ ಮೇಲೆ ಅದನ್ನ ಮೊದಲ ಸಲ ಹಾಕ್ತು. ಒಂದು ಮೈಲೀಲಿ ಲೈಟ್ ಹತ್ತಿದ್ರೆ ದೋಣಿಯೋರಿಗೆ ಸಿಗೋದು ಎಷ್ಟು ಅಂತ ಮತ್ತೆ ಲೆಕ್ಕ ಹಾಕಿ, 1600 ಮೀಟರ್, ಸೆಕೆಂಡಿಗೆ 77, ಇಪ್ಪತ್ತೊಂದು ಸೆಕೆಂಡ್. ಮುಳುಗೋಕೆ 30 ಬೇಕು. ಆ ಒಂಬತ್ತು ಸೆಕೆಂಡಿನ ಕೊರತೇಲಿ ಎಷ್ಟು ಜನ ಹೋದ್ರೋ.

ಜರ್ಮನ್ನರು ಅದಕ್ಕೆ ಆಗಸ್ಟಲ್ಲಿ ಮೆಟಾಕ್ಸ್ ತಂದ್ರು, ರೇಡಾರ್ ತರಂಗ ಬಿದ್ರೆ ಎಚ್ಚರಿಸೋ ರಿಸೀವರ್. ಅದರ ಆಂಟೆನಾ ಮರದ ಚೌಕಟ್ಟಿನ ಶಿಲುಬೆ, ಬಿಸ್ಕೇ ಶಿಲುಬೆ ಅಂತಿದ್ರು, ಕೈಯಲ್ಲಿ ತಿರುಗಿಸ್ಬೇಕು, ಮುಳುಗುವಾಗ ಹ್ಯಾಚ್ ಒಳಗೆ ಎಳ್ಕೊಂಡು ಇಳೀಬೇಕು. ಒರಟು ಸಾಮಾನು, ಆದ್ರೂ ಕೆಲಸ ಮಾಡ್ತು, ವಿಮಾನ ದೋಣೀನ ಹಿಡಿಯೋ ದೂರಕ್ಕಿಂತ ಮುಂಚೆನೇ ಮೆಟಾಕ್ಸ್ ಕೂಗ್ತಿತ್ತು. ಹಾಗೆ ಒಂದು ಚಳಿಗಾಲ ಉಸಿರಾಡಿದ್ರು. 1943ರ ಮಾರ್ಚ್ ಹೊತ್ತಿಗೆ 10 ಸೆಂಟಿಮೀಟರ್ ತರಂಗದ ಎಎಸ್‌ವಿ ಮಾರ್ಕ್ 3 ಬಂತು, ಮೆಟಾಕ್ಸಿಗೆ ಅದು ಕೇಳಿಸ್ತಾನೇ ಇರ್ಲಿಲ್ಲ. ನನಗೆ ಇದರಲ್ಲಿ ಅತಿ ನೋವಿನ ಭಾಗ ಅನ್ಸೋದು ಮುಂದಿನದು. 1943ರ ಫೆಬ್ರವರಿಯಲ್ಲೇ ರೋಟರ್‌ಡ್ಯಾಮ್ ಹತ್ರ ಬಿದ್ದ ಬ್ರಿಟಿಷ್ ಬಾಂಬರಿನಲ್ಲಿ 10 ಸೆಂಟಿಮೀಟರ್ ರೇಡಾರ್ ಜರ್ಮನ್ನರ ಕೈಗೆ ಸಿಕ್ಕಿತ್ತು, ಆದ್ರೂ ದೋಣಿಗಳಿಗೆ ಅದನ್ನ ಹಿಡಿಯೋ ನಾಕ್ಸೋಸ್ ರಿಸೀವರ್ ಬಂದಿದ್ದು ಆ ವರ್ಷದ ಶರತ್ಕಾಲದಲ್ಲಿ. ನಡುವೆ ಒಬ್ಬ ಬ್ರಿಟಿಷ್ ಕೈದಿ ನಿಮ್ಮ ಮೆಟಾಕ್ಸ್ ಹೊರಗೆ ಸೂಸೋ ತರಂಗಾನೇ ಹಿಡ್ಕೊಂಡು ನಮ್ಮ ವಿಮಾನ ಬರ್ತವೆ ಅಂದ, ಅವರು ಅದನ್ನ ನಂಬಿ ಆಗಸ್ಟಲ್ಲಿ ಮೆಟಾಕ್ಸ್ ಬಳಕೆನೇ ನಿಲ್ಲಿಸಿದ್ರು. ಅಷ್ಟರಲ್ಲಿ ಮೇ ತಿಂಗಳೊಂದ್ರಲ್ಲೇ 41 ದೋಣಿ ಹೋಗಿತ್ತು, ಮೇ 24ಕ್ಕೆ ಜರ್ಮನ್ ನೌಕಾಪಡೆ ಮುಖ್ಯಸ್ಥ ಡೋನಿಟ್ಸ್ ಉತ್ತರ ಅಟ್ಲಾಂಟಿಕ್ಕಿಂದ ದೋಣಿಗಳನ್ನ ಹಿಂದಕ್ಕೆ ಕರೆಸ್ಕೊಂಡಿದ್ದ.

ಹಾಗಾಗಿ ಗೇಮಲ್ಲಿ ಕ್ಯಾಲೆಂಡರ್ ನೋಡ್ಕೊಂಡು ಆಡ್ಬೇಕು. 1940ರಲ್ಲಿ ಕಲಿತ ಅಭ್ಯಾಸ 1943ರಲ್ಲಿ ನಿಮ್ಮನ್ನ ಕೊಲ್ಲುತ್ತೆ. ಶುರುವಿನ ಎರಡು ವರ್ಷ ಹಗಲಲ್ಲೂ ಮೇಲೆ ಹೋಗಿ, ವಾಚ್ ಚುರುಕಾಗಿದ್ರೆ ಸಾಕು. 1942ರ ಬೇಸಿಗೆಯಿಂದ ಫ್ರಾನ್ಸಿನ ಬ್ರೆಸ್ಟ್, ಲೊರಿಯಾಂ, ಸೇಂಟ್ ನಜೇರ್ ಯಾವ ಬೇಸಿಂದ ಹೊರಟ್ರೂ ಹಗಲು ಪೂರ್ತಿ ಕೆಳಗೆ, ರಿನೌನ್ ಪಾಯಿಂಟ್ (ಗೇಮಲ್ಲಿ ಗಳಿಸೋ ಅಂಕ) ಕೂಡಿಟ್ಟು ಮೊದಲು ಕೊಳ್ಳೋದು ರೇಡಾರ್ ವಾರ್ನಿಂಗ್ ರಿಸೀವರ್, ಅದು ಕೂಗಿದ್ರೆ ಕಣ್ಣಿಗೆ ಕಾಣ್ಲಿ ಅಂತ ಕಾಯ್ಬೇಡಿ, ಮುಳುಗಿ. 1943ರಲ್ಲಿ ಮೆಟಾಕ್ಸ್ ಸುಮ್ನಿದೆ ಅಂದ್ರೆ ಆಕಾಶ ಖಾಲಿ ಅಂತ ಅರ್ಥ ಅಲ್ಲ. ಆಗ ನಾನು ಮಾಡೋದು, 24 ಗಂಟೇಲಿ ನಾಲ್ಕು ಗಂಟೆ ಮಾತ್ರ ಮೇಲೆ, 12 ನಾಟಲ್ಲಿ ಚಾರ್ಜ್ ಮಾಡ್ಕೊಂಡು, ಉಳಿದ ಇಪ್ಪತ್ತು ಗಂಟೆ ಎರಡೂವರೆ ನಾಟಲ್ಲಿ ಕೆಳಗೆ. ದಿನಕ್ಕೆ ಹತ್ರತ್ರ ನೂರು ಮೈಲಿ ಆಗುತ್ತೆ. ಲೊರಿಯಾಂನಿಂದ 15 ಡಿಗ್ರಿ ಪಶ್ಚಿಮ ರೇಖಾಂಶ ದಾಟೋಕೆ 450 ಮೈಲಿ ಮೇಲೆ ಬೇಕು, ಅಂದ್ರೆ ನಾಲ್ಕೂವರೆ ಐದು ದಿನ. ಬೇಜಾರು ಅಂತ ತುಂಬ ಜನ ಇದನ್ನ ಮಾಡಲ್ಲ, ಆದ್ರೆ ಅವತ್ತಿನ ಕ್ಯಾಪ್ಟನ್ನಿಗೆ ಇದ್ದ ಆಯ್ಕೆನೂ ಇದೇ, ಅದನ್ನ ಕೈಯಾರೆ ಮಾಡಿದಾಗ ಆ ಯುದ್ಧ ಅರ್ಥ ಆಗುತ್ತೆ, ನಾನು ಈ ಗೇಮನ್ನ ಇಷ್ಟು ಪ್ರೀತಿಸೋದು ಅದಕ್ಕೇನೇ.

ಎದುರು ನಿಂತು ಹೊಡೀಬಾರ್ದಾ ಅಂತ ಕೇಳ್ತಾರೆ. ಅದನ್ನೂ ಮಾಡಿ ನೋಡಿದ್ರು. 1943ರ ಬೇಸಿಗೆಯಲ್ಲಿ ಗುಂಪಾಗಿ ಹಗಲಲ್ಲೇ ಮೇಲೆ ಹೋಗಿ, ವಿಮಾನ ಬಂದ್ರೆ ಹೊಡೀರಿ ಅಂತ ಆದೇಶ ಆಯ್ತು, ಯು-441ನ್ನ ಫ್ಲಾಕ್ ಗನ್ ತುಂಬಿದ ದೋಣಿಯಾಗಿ ಮಾರ್ಪಾಡು ಮಾಡಿದ್ರು. ಮೇ ತಿಂಗಳಲ್ಲಿ ಅದು ಒಂದು ಸಂಡರ್‌ಲ್ಯಾಂಡನ್ನ ಬೀಳಿಸ್ತು, ತಾನೂ ಏಟು ತಿಂತು. ಜುಲೈ 12ರಂದು ಮೂರು ಬ್ಯೂಫೈಟರ್ ಒಟ್ಟಿಗೆ ಬಂದ್ವು, ಡೆಕ್ ಮೇಲಿದ್ದ ಹತ್ತು ಜನ ಸತ್ರು, ಕ್ಯಾಪ್ಟನ್ನೂ ಗಾಯಗೊಂಡ, ಕೊನೆಗೆ ದೋಣೀನ ಮನೆಗೆ ತಂದಿದ್ದು ಅದರ ಡಾಕ್ಟರ್. ಆಗಸ್ಟ್ ಶುರುವಲ್ಲಿ ಆ ಆದೇಶ ವಾಪಸ್ ಆಯ್ತು. ಗೇಮಲ್ಲಿ ಕ್ವಾಡ್ ಫ್ಲಾಕ್ ಹಾಕ್ಕೊಂಡು ಒಂದೆರಡು ವಿಮಾನ ಬೀಳಿಸೋದು ಕಷ್ಟ ಅಲ್ಲ, ಆದ್ರೆ ಒಬ್ಬ ಒಳ್ಳೆ ವಾಚ್ ಆಫೀಸರ್ ಹೋದ್ರೆ ಆ ನಷ್ಟ ತುಂಬೋದೇ ಇಲ್ಲ.

ಮುಳುಗಿದ ಮೇಲೆ ಮತ್ತೆ ಮೇಲೆ ಬರೋ ಹೊತ್ತು, ಇದನ್ನ ಯಾರೂ ಅಷ್ಟು ಗಮನಿಸಲ್ಲ. ಹೈಡ್ರೋಫೋನಲ್ಲಿ (ನೀರೊಳಗಿನ ಶಬ್ದ ಹಿಡಿಯೋ ಸಾಧನ) ಹಡಗು ಕೇಳುತ್ತೆ, ವಿಮಾನ ಕೇಳಲ್ಲ. ನೀವು ಕೆಳಗಿದ್ದಾಗ ಮೇಲೆ ಏನಿದೆ ಅಂತ ನಿಮಗೆ ಗೊತ್ತಿಲ್ಲ. 1941ರ ಆಗಸ್ಟ್ 27ರಂದು ಐಸ್‌ಲ್ಯಾಂಡಿನ ದಕ್ಷಿಣಕ್ಕೆ ಯು-570 ಮೇಲೆ ಬಂತು, ಅದೇ ಹೊತ್ತಿಗೆ ಹತ್ತಿರದಲ್ಲೇ ಒಂದು ಬ್ರಿಟಿಷ್ ಹಡ್ಸನ್ ವಿಮಾನ ಹಾರಾಡ್ತಿತ್ತು. ಮತ್ತೆ ಮುಳುಗೋಕೆ ಹೊರಟಾಗ ನಾಲ್ಕು ಡೆಪ್ತ್ ಚಾರ್ಜ್ ಬಿತ್ತು, ಒಳಗೆ ನೀರು, ಬ್ಯಾಟರಿಯಿಂದ ಕ್ಲೋರಿನ್, ಹೊಸ ಸಿಬ್ಬಂದಿ, ಕೊನೆಗೆ ಬಿಳಿ ಬಟ್ಟೆ ತೋರ್ಸಿ ವಿಮಾನಕ್ಕೇ ಶರಣಾದ್ರು. ಬ್ರಿಟಿಷರು ಅದನ್ನ ಎಚ್‌ಎಂಎಸ್ ಗ್ರಾಫ್ ಅಂತ ಹೆಸರಿಟ್ಟು ತಾವೇ ಓಡ್ಸಿದ್ರು. ಆದ್ದರಿಂದ ಪೆರಿಸ್ಕೋಪ್ ಆಳಕ್ಕೆ ಬಂದು ಅಬ್ಸರ್ವೇಶನ್ ಪೆರಿಸ್ಕೋಪನ್ನ ಮೇಲಕ್ಕೆತ್ತಿ ಆಕಾಶ ನೋಡಿ, ಪೂರ್ತಿ ಒಂದು ಸುತ್ತು, ಸೂರ್ಯನ ಕಡೆ ಇನ್ನೊಂದು ಸಲ, ಆಮೇಲೆ ಪೆರಿಸ್ಕೋಪ್ ಇಳಿಸಿ ಎದ್ದೇಳಿ. ಒಂದು ಸಲ ಮುಳುಗಿಸಿದ ವಿಮಾನ ಹೋಗಿಬಿಡ್ತು ಅನ್ಕೋಬೇಡಿ, ಕಣ್ಮರೆ ಆದ ಹಾಗೆ ಮಾಡಿ ಸ್ವಲ್ಪ ಹೊತ್ತು ಬಿಟ್ಟು ವಾಪಸ್ ಬರೋದು ಅವರ ಗೊತ್ತಿದ್ದ ತಂತ್ರ. ನಾನು ಒಂದು ಗಂಟೆಗಿಂತ ಮುಂಚೆ ಏಳಲ್ಲ, ಬ್ಯಾಟರಿ ಇದ್ರೆ ಎರಡು.

ಸಣ್ಣಪುಟ್ಟದ್ದು ಬೇಗ ಹೇಳ್ಬಿಡ್ತೀನಿ. ರಾತ್ರಿ ವೇಗ ಕಮ್ಮಿ ಇಡಿ, ಹಿಂದೆ ಬಿಡೋ ಬಿಳಿ ನೊರೆ ಸಾಲು ಮೇಲಿಂದ ದೋಣಿಗಿಂತ ಮೊದಲು ಕಾಣುತ್ತೆ. ಹಗಲಲ್ಲಿ ಶಾಂತ ಸಮುದ್ರ ಇದ್ರೆ ಪೆರಿಸ್ಕೋಪ್ ಆಳ ಸಾಲಲ್ಲ, ಇನ್ನೂ ಕೆಳಗೆ ಹೋಗಿ, ಮೆಡಿಟರೇನಿಯನ್ನಲ್ಲಂತೂ ತಿಳಿ ನೀರು. ಬಿರುಗಾಳಿ ಮಂಜು ನಿಮ್ಮ ಸ್ನೇಹಿತರು, ಆ ಹೊತ್ತಲ್ಲಿ ಚಾರ್ಜ್ ಮುಗಿಸ್ಕೊಳ್ಳಿ. ಬಂದರಿನ ಬಾಯಲ್ಲಿ ನೀರು ಆಳ ಇರಲ್ಲ, ದೋಣಿ ಅಡೀಲಿ ಜಾಗ ಇಲ್ಲದ ಕಡೆ ಕ್ರ್ಯಾಶ್ ಡೈವ್ ಮಾಡಿದ್ರೆ ತಳಕ್ಕೆ ಮೂತಿ ಗುದ್ದುತ್ತೆ, ಹೊರಡೋದು ಸೇರೋದು ಎರಡನ್ನೂ ಕತ್ತಲಿಗೆ ಹೊಂದಿಸ್ಕೊಳ್ಳಿ. ರೇಡಿಯೋ ಸುಮ್ನೆ ಒತ್ತಬೇಡಿ, ನೀವು ಕಳಿಸೋ ಒಂದೊಂದು ಸಂದೇಶದ ದಿಕ್ಕು ಹಿಡಿಯೋಕೆ ಅವರತ್ರ ಸಾಧನ ಇತ್ತು.

ನಮ್ಮ ಕಡೆ ಸಮುದ್ರಕ್ಕೂ ಇದು ಬಂದಿತ್ತು ಅಂತ ಹೇಳ್ದಾಗ ಕೆಲವರಿಗೆ ಆಶ್ಚರ್ಯ ಆಯ್ತು. ನೇತಾಜಿ ಸುಭಾಷ್ ಚಂದ್ರ ಬೋಸ್ ಜರ್ಮನಿಯ ಕೀಲ್ ಬಂದರಿಂದ 1943ರ ಫೆಬ್ರವರಿ 9ರಂದು ಹೊರಟಿದ್ದು ಯು-180ರಲ್ಲಿ, ಏಪ್ರಿಲ್ ಕೊನೇಲಿ ಮಡಗಾಸ್ಕರ್ ಹತ್ರ ಒರಟು ಸಮುದ್ರದಲ್ಲಿ ರಬ್ಬರ್ ದೋಣೀಲಿ ಜಪಾನಿನ ಐ-29ಕ್ಕೆ ದಾಟಿದ್ರು. ಎರಡು ಸಬ್‌ಮರೀನ್ ಜೊತೆಜೊತೆಗೆ ಮೇಲೆ ಕಾಯೋದು ಎಂಥ ಅಪಾಯ ಅಂತ ಈಗ ನಿಮಗೇ ಗೊತ್ತಾಗುತ್ತೆ. ಅದೇ ವರ್ಷ ಅಕ್ಟೋಬರ್ 16ರಂದು ಅರಬ್ಬಿ ಸಮುದ್ರಕ್ಕೆ ಸೇರೋ ಓಮನ್ ಕೊಲ್ಲಿಯಲ್ಲಿ ಯು-533ನ್ನ 244ನೇ ಸ್ಕ್ವಾಡ್ರನ್ನಿನ ಒಂದು ಬಿಸ್ಲಿ ವಿಮಾನ ಮುಳುಗಿಸ್ತು, ಹಳೇ ಬ್ಲೆನ್‌ಹೈಮಿನ ಇನ್ನೊಂದು ರೂಪ ಅದು, ಬದುಕಿದ್ದು ಒಬ್ಬನೇ. ಅಟ್ಲಾಂಟಿಕ್ ಬಿಟ್ಟು ದೂರ ಬಂದ್ವಿ, ಇನ್ನು ವಿಮಾನ ಇಲ್ಲ ಅಂತ ವಾಚ್ ಸಡಿಲ ಬಿಡೋದು ಗೇಮಲ್ಲೂ ಹಾಗೇ ಹೊಡೆತ ಕೊಡುತ್ತೆ. ಅದೂ ಅಲ್ದೆ ಅಷ್ಟು ದೂರ ಹೋಗೋದು ದೊಡ್ಡ ಟೈಪ್ 9 ದೋಣಿಗಳು, ಅವು ಮುಳುಗೋಕೆ ಟೈಪ್ 7ಕ್ಕಿಂತ ಹೊತ್ತು ತಗೋತವೆ.

ಪ್ರಶ್ನೆಗಳಲ್ಲಿ ಒಬ್ರು ಸೈಲೆಂಟ್ ಹಂಟರ್ 4 ಬಗ್ಗೆ ಕೇಳಿದ್ರು, ಪೆಸಿಫಿಕ್ ಭಾಗ. ಅಲ್ಲಿ ಅಮೆರಿಕನ್ ದೋಣೀಲಿ ಎಸ್‌ಡಿ ಅನ್ನೋ ರೇಡಾರ್ ವಿಮಾನ ಎಷ್ಟು ದೂರ ಇದೆ ಅಂತ ಹೇಳುತ್ತೆ, ಯಾವ ದಿಕ್ಕು ಅಂತ ಹೇಳಲ್ಲ. ನಿಜವಾದ ಕ್ಯಾಪ್ಟನ್‌ಗಳಲ್ಲಿ ಹಲವರು ಅದನ್ನ ಸದಾ ಹಾಕಿಡೋಕೆ ಹೆದರ್ತಿದ್ರು, ಜಪಾನಿಯರು ಅದರ ತರಂಗ ಹಿಡೀತಾರೆ ಅಂತ. ಆಗಾಗ ಕೆಲವು ಕ್ಷಣ ಹಾಕಿ ಆರಿಸಿ.

ಇನ್ನೊಬ್ಬ ಹುಡುಗಿ ಕೇಳಿದ್ದು ಟೈಮ್ ಕಂಪ್ರೆಶನ್ (ಗೇಮಿನ ಗಡಿಯಾರಾನ ಎಷ್ಟು ಪಟ್ಟು ವೇಗವಾಗಿ ಓಡ್ಸೋದು) ಬಗ್ಗೆ, ಬಹಳ ಸರಿಯಾದ ಪ್ರಶ್ನೆ. 1024ರಲ್ಲಿ ಓಡಿಸ್ತಾ ಇದ್ರೆ ವಿಮಾನ ಕಂಡಾಗ ಗೇಮ್ ತಾನೇ ನಿಧಾನ ಆಗುತ್ತೆ ನಿಜ, ಆದ್ರೆ ಅಷ್ಟು ವೇಗದಲ್ಲಿ ನಿಮ್ಮ ವಾಚ್‌ನೋರು ನೋಡೋ ಅವಕಾಶಾನೂ ಕಮ್ಮಿ ಆಗುತ್ತೆ ಅನ್ನೋದು ನನ್ನ ಅನುಭವ, ಕಂಡಾಗ ವಿಮಾನ ಆಗ್ಲೇ ಹತ್ರ ಬಂದಿರುತ್ತೆ. ಕೆಳಗಿದ್ದಾಗ ಎಷ್ಟು ಬೇಕೋ ಅಷ್ಟು ಓಡ್ಸಿ. ವಿಮಾನದ ವ್ಯಾಪ್ತಿಯಲ್ಲಿ ಮೇಲೆ ಇರೋ ಆ ನಾಲ್ಕು ಗಂಟೆ ಮಾತ್ರ 128ಕ್ಕಿಂತ ಮೇಲೆ ಹೋಗ್ಬೇಡಿ, ನಾಲ್ಕು ಗಂಟೆ ಅಂದ್ರೆ ಹೆಚ್ಚು ಕಮ್ಮಿ ನಿಮ್ಮ ಎರಡು ನಿಮಿಷ. ಆ ಎರಡು ನಿಮಿಷ ಬೆರಳು ಸಿ ಕೀ ಹತ್ರ ಇರ್ಲಿ, ಮೊಬೈಲ್ ದೂರ ಇರ್ಲಿ.